ಯುದ್ಧನೌಕೆಗೆ ಕರೆಂಟ್ ಎಲ್ಲಿಂದ ಬರುತ್ತದೆ? ಎಲೆಕ್ಟ್ರಿಕಲ್ ಎಂಜಿನಿಯರ್‌ಗೆ ಅಲ್ಲೇನು ಕೆಲಸ?

ಕಲಬುರಗಿ, ಬೀದರ್, ಯಾದಗಿರಿ ಕಡೆ ಮಗ ಅಥವಾ ಮಗಳು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಮುಗಿಸಿದರೆ ಮನೆಯಲ್ಲಿ ಬರುವ ಮಾತು ಸಾಮಾನ್ಯವಾಗಿ ಎರಡೇ. ಜೆಸ್ಕಾಂನಲ್ಲಿ ಆಗುತ್ತಾ? ಕೆಪಿಟಿಸಿಎಲ್‌ನಲ್ಲಿ ಆಗುತ್ತಾ? ಅದು ಬಿಟ್ಟರೆ ಬೆಂಗಳೂರಿಗೆ ಹೋಗಿ ಸಾಫ್ಟ್‌ವೇರ್. ಸಮುದ್ರದ ಹೆಸರು ಯಾರೂ ಎತ್ತುವುದಿಲ್ಲ. ಬೀದರ್‌ನವರಿಗೆ ವಾಯುನೆಲೆ ಗೊತ್ತು, ತಲೆ ಮೇಲೆ ತರಬೇತಿ ವಿಮಾನ ಹಾರುವುದನ್ನು ನೋಡಿಯೇ ಬೆಳೆದವರು ಅವರು. ನೌಕಾಪಡೆ ಮಾತ್ರ ಯಾವುದೋ ಬೇರೆ ಲೋಕ.

ಈಗ ಆ ಲೋಕದ ಸುದ್ದಿ ಪದೇ ಪದೇ ಬರುತ್ತಿದೆ. 2025ರ ಜನವರಿ 15ರಂದು ಮುಂಬೈನಲ್ಲಿ ಸೂರತ್, ನೀಲಗಿರಿ ಎಂಬ ಎರಡು ಯುದ್ಧನೌಕೆಗಳು ಮತ್ತು ವಾಗ್ಶೀರ್ ಎಂಬ ಜಲಾಂತರ್ಗಾಮಿ ಒಂದೇ ದಿನ ನೌಕಾಪಡೆ ಸೇರಿದವು. ಆಗಸ್ಟ್ 26ರಂದು ವಿಶಾಖಪಟ್ಟಣದಲ್ಲಿ ಉದಯಗಿರಿ, ಹಿಮಗಿರಿ ಸೇರಿದವು. ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟ ಹಡಗು ನಿರ್ಮಾಣಕ್ಕೆ 69,725 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದು ಮುಖ್ಯವಾಗಿ ಸರಕು ಹಡಗುಗಳ ಉದ್ಯಮಕ್ಕೆ ಸಂಬಂಧಿಸಿದ್ದು, ಆದರೆ ಹಡಗು ಕಟ್ಟುವ ಯಾರ್ಡುಗಳಿಗೆ ಬೇಕಾದ ಎಂಜಿನಿಯರುಗಳ ಕೌಶಲ ಹೆಚ್ಚುಕಡಿಮೆ ಒಂದೇ. ಹಾಗಾಗಿ ಹಡಗಿನೊಳಗೆ ಎಲೆಕ್ಟ್ರಿಕಲ್ ಎಂಜಿನಿಯರ್ ಮಾಡುವುದೇನು ಅಂತ ಬುಡದಿಂದ ನೋಡೋಣ.

ಹಡಗು ಅಂದರೆ ತನ್ನದೇ ಜೆಸ್ಕಾಂ ಇರುವ ಊರು

ನಮ್ಮ ಊರಿಗೆ ಕರೆಂಟ್ ಬರುವ ದಾರಿ ಗೊತ್ತಿರುವುದೇ. ರಾಯಚೂರಿನ ಶಕ್ತಿನಗರದಂಥ ಕಡೆ ವಿದ್ಯುತ್ ತಯಾರಾಗುತ್ತದೆ. ಕೆಪಿಟಿಸಿಎಲ್ ಅದನ್ನು ದೊಡ್ಡ ಲೈನ್‌ನಲ್ಲಿ ತರುತ್ತದೆ. ಜೆಸ್ಕಾಂ ಸಬ್‌ಸ್ಟೇಷನ್, ಟಿಸಿ ದಾಟಿಸಿ ಮನೆಗೆ ಕೊಡುತ್ತದೆ. ಟಿಸಿ ಸುಟ್ಟರೆ ಲೈನ್‌ಮನ್‌ಗೆ ಫೋನ್ ಮಾಡುತ್ತೇವೆ. ಹಡಗಿನಲ್ಲಿ ಈ ನಾಲ್ಕೂ ಕೆಲಸ ಒಂದೇ ಕಬ್ಬಿಣದ ಗೋಡೆಯೊಳಗೆ ನಡೆಯುತ್ತವೆ. ಉತ್ಪಾದನೆ, ಸಾಗಣೆ, ಹಂಚಿಕೆ, ದುರಸ್ತಿ ಎಲ್ಲವೂ ಅಲ್ಲೇ. ಸಮುದ್ರದಲ್ಲಿರುವಾಗ ಹೊರಗಿನಿಂದ ಬರುವ ಲೈನ್ ಇಲ್ಲ. ದಡದಿಂದ ನೂರಾರು ಮೈಲಿ ದೂರದಲ್ಲಿ ಫೋನ್ ಮಾಡಲು ಲೈನ್‌ಮನ್ ಇಲ್ಲ.

ಎಷ್ಟು ಕರೆಂಟ್ ಬೇಕು? ಕೊಚ್ಚಿಯಲ್ಲಿ ಕಟ್ಟಿದ ವಿಮಾನವಾಹಕ ನೌಕೆ ವಿಕ್ರಾಂತ್ ತೆಗೆದುಕೊಳ್ಳಿ. 262 ಮೀಟರ್ ಉದ್ದ, ಸುಮಾರು 45,000 ಟನ್ ತೂಕ, ಸುಮಾರು 1,600 ಜನ ಇರಬಹುದಾದ ಹಡಗು. ಅದರಲ್ಲಿ ತಲಾ 3 ಮೆಗಾವ್ಯಾಟ್‌ನ 8 ಡೀಸೆಲ್ ಜನರೇಟರ್‌ಗಳಿವೆ. ಒಟ್ಟು 24 ಮೆಗಾವ್ಯಾಟ್. ಹಡಗನ್ನು ಮುಂದೆ ತಳ್ಳುವ ಶಕ್ತಿ ಇದರಲ್ಲಿ ಸೇರಿಲ್ಲ. ಅದಕ್ಕೆ 4 ಗ್ಯಾಸ್ ಟರ್ಬೈನ್‌ಗಳು ಬೇರೆಯೇ ಇವೆ. ಈ 24 ಮೆಗಾವ್ಯಾಟ್ ಹೋಗುವುದು ರಾಡಾರ್, ಸಂಪರ್ಕ, ಚುಕ್ಕಾಣಿ, ಪಂಪು, ಏಸಿ, ಅಡುಗೆಮನೆ, ವಿಮಾನ ಎತ್ತುವ ಲಿಫ್ಟ್ ಇಂಥವಕ್ಕೆ.

ಶಕ್ತಿನಗರದ 1,720 ಮೆಗಾವ್ಯಾಟ್ ಮುಂದೆ 24 ಅಂದರೆ ಚಿಲ್ಲರೆ ಅನಿಸಬಹುದು. ಆದರೆ ಕಷ್ಟ ಇರುವುದು ಅಲ್ಲೇ. ಕಲಬುರಗಿಯಲ್ಲಿ ಒಂದು ದಾಲ್ ಮಿಲ್‌ನವರು ದೊಡ್ಡ ಮೋಟಾರ್ ಚಾಲೂ ಮಾಡಿದರೆ ಇಡೀ ದೇಶದ ಗ್ರಿಡ್‌ಗೆ ಅದು ಲೆಕ್ಕಕ್ಕೇ ಬರುವುದಿಲ್ಲ. ಸಾವಿರಾರು ಯಂತ್ರ ಸೇರಿ ಆ ಭಾರ ಹಂಚಿಕೊಳ್ಳುತ್ತವೆ. ಹಡಗಿನಲ್ಲಿ ಎರಡು ಮೂರು ಜನರೇಟರ್ ಮಾತ್ರ ಓಡುತ್ತಿರುತ್ತವೆ. ಅಲ್ಲಿ ಒಂದು ದೊಡ್ಡ ಪಂಪ್ ಶುರುವಾದರೆ ವೋಲ್ಟೇಜ್ ಕುಗ್ಗುತ್ತದೆ, ಜನರೇಟರ್‌ನ ವೇಗ ಒಂದು ಕ್ಷಣ ಇಳಿಯುತ್ತದೆ. ಅದೇ ಲೈನ್‌ನಲ್ಲಿ ರಾಡಾರ್ ಇದೆ, ಕಂಪ್ಯೂಟರ್ ಇದೆ. ಅವು ಏರುಪೇರು ಸಹಿಸುವುದಿಲ್ಲ. ಹೀಗಾಗಿ ಯಾವ ಯಂತ್ರ ಯಾವಾಗ ಚಾಲೂ ಆಗಬೇಕು, ಅದಕ್ಕೆ ಮೊದಲು ಇನ್ನೊಂದು ಜನರೇಟರ್ ಸೇರಿಸಬೇಕಾ, ಎಲ್ಲವನ್ನೂ ಮುಂಚೆಯೇ ಲೆಕ್ಕ ಹಾಕಬೇಕು.

ಇನ್ನೊಂದು ಜನರೇಟರ್ ಸೇರಿಸುವುದೂ ಸುಮ್ನೆ ಸ್ವಿಚ್ ಒತ್ತುವ ಕೆಲಸ ಅಲ್ಲ. ಓಡುತ್ತಿರುವ ಜನರೇಟರ್‌ಗೂ ಹೊಸದಕ್ಕೂ ವೋಲ್ಟೇಜ್, ಫ್ರೀಕ್ವೆನ್ಸಿ, ಫೇಸ್‌ಗಳ ಸರದಿ, ಆ ಕ್ಷಣದ ಫೇಸ್ ಕೋನ ಎಲ್ಲ ಹೊಂದಿಕೆಯಾಗಬೇಕು. ಇದಕ್ಕೆ ಸಿಂಕ್ರೊನೈಸಿಂಗ್ ಅನ್ನುತ್ತಾರೆ. ತಪ್ಪಾದ ಕ್ಷಣದಲ್ಲಿ ಬ್ರೇಕರ್ ಹಾಕಿದರೆ ಭಾರೀ ಕರೆಂಟ್ ಹರಿಯುತ್ತದೆ, ಜನರೇಟರ್‌ನ ಶಾಫ್ಟ್‌ಗೆ ಪೆಟ್ಟು ಬೀಳುತ್ತದೆ. ಈಗಿನ ಹಡಗುಗಳಲ್ಲಿ ಇದನ್ನು ಯಂತ್ರವೇ ಮಾಡುತ್ತದೆ. ಆದರೂ ಕೈಯಲ್ಲಿ ಮಾಡುವುದನ್ನು ಪ್ರತಿಯೊಬ್ಬರಿಗೂ ಕಲಿಸುತ್ತಾರೆ, ಯಂತ್ರ ಕೈಕೊಡುವ ದಿನಕ್ಕೆ.

ಏಟು ಬಿದ್ದರೂ ಕರೆಂಟ್ ಹೋಗಬಾರದು

ಕಾರ್ಖಾನೆಯ ವೈರಿಂಗ್ ವಿನ್ಯಾಸ ಮಾಡುವವರು ಕಾರ್ಖಾನೆಯ ಮೇಲೆ ಕ್ಷಿಪಣಿ ಬೀಳುತ್ತದೆ ಅಂತ ಯೋಚಿಸುವುದಿಲ್ಲ. ಯುದ್ಧನೌಕೆಯ ಎಂಜಿನಿಯರ್ ಅಲ್ಲಿಂದಲೇ ಶುರು ಮಾಡಬೇಕು. ಹಡಗಿನ ಒಂದು ಭಾಗ ಸುಟ್ಟುಹೋಗಿದೆ, ಒಂದು ಕೋಣೆಯಲ್ಲಿ ನೀರು ತುಂಬಿದೆ. ಈಗ ಚುಕ್ಕಾಣಿಗೆ ಕರೆಂಟ್ ಎಲ್ಲಿಂದ? ಬೆಂಕಿ ಆರಿಸುವ ಪಂಪಿಗೆ ಎಲ್ಲಿಂದ? ಈ ಪ್ರಶ್ನೆಯನ್ನು ಹಿಡಿದುಕೊಂಡರೆ ಹಡಗಿನ ಎಲೆಕ್ಟ್ರಿಕಲ್ ಕೆಲಸದ ಬಹುಪಾಲು ತಾನಾಗಿಯೇ ಅರ್ಥವಾಗುತ್ತದೆ.

ಮೊದಲನೆಯದಾಗಿ, ಜನರೇಟರ್‌ಗಳನ್ನೆಲ್ಲ ಒಂದೇ ಕೋಣೆಯಲ್ಲಿ ಇಡುವುದಿಲ್ಲ. ಮುಂದೆ ಕೆಲವು, ಹಿಂದೆ ಕೆಲವು. ಸ್ವಿಚ್‌ಬೋರ್ಡ್‌ಗಳೂ ಹಾಗೆಯೇ ಬೇರೆ ಬೇರೆ. ಅವುಗಳ ನಡುವೆ ಮುಖ್ಯ ಕೇಬಲ್‌ಗಳು ಸುತ್ತು ಹಾಕಿಕೊಂಡು ಹೋಗುತ್ತವೆ, ಒಂದು ಸಾಲು ಎಡಬದಿಗೆ, ಒಂದು ಬಲಬದಿಗೆ. ಒಂದು ಕಡೆ ತುಂಡಾದರೆ ಇನ್ನೊಂದು ಕಡೆಯಿಂದ ಕರೆಂಟ್ ಬರುತ್ತದೆ. ಚುಕ್ಕಾಣಿಯಂಥ ಜೀವಾಳದ ಯಂತ್ರಗಳಿಗೆ ಎರಡು ಕಡೆಯಿಂದ ಸಪ್ಲೈ ಇರುತ್ತದೆ. ಒಂದು ಹೋದರೆ ತಾನಾಗಿಯೇ ಇನ್ನೊಂದಕ್ಕೆ ಬದಲಾಗುವ ಸ್ವಿಚ್ ನಡುವೆ ಇರುತ್ತದೆ.

ಜನರೇಟರ್ ಒಂದು ನಿಂತು ಉಳಿದವುಗಳ ಮೇಲೆ ಭಾರ ಜಾಸ್ತಿಯಾದರೆ? ಆಗ ಹಡಗಿನಲ್ಲೂ ಲೋಡ್ ಶೆಡ್ಡಿಂಗ್. ಬಟ್ಟೆ ಒಗೆಯುವ ಯಂತ್ರ, ಅಡುಗೆಮನೆಯ ಒಲೆ, ವಾಸದ ಕೋಣೆಗಳ ಏಸಿ ಮೊದಲು ಹೋಗುತ್ತವೆ. ಚುಕ್ಕಾಣಿ, ಬೆಂಕಿ ಪಂಪು ಕೊನೆಯವರೆಗೂ ಉಳಿಯುತ್ತವೆ. ನಮ್ಮಲ್ಲಿ ಲೋಡ್ ಶೆಡ್ಡಿಂಗ್ ಅಂದರೆ ಬೈಗುಳ. ಅಲ್ಲಿ ಅದು ಹಡಗನ್ನು ಉಳಿಸಲು ಮುಂಚೆಯೇ ಬರೆದಿಟ್ಟ ಪಟ್ಟಿ.

ಆ ಪಟ್ಟಿ ಹುಟ್ಟುವುದು ವಿನ್ಯಾಸದ ಮೇಜಿನ ಮೇಲೆ. ಬಂದರಿನಲ್ಲಿ ನಿಂತಾಗ ಎಷ್ಟು ಕರೆಂಟ್ ಬೇಕು, ಸುಮ್ಮನೆ ಸಾಗುವಾಗ ಎಷ್ಟು, ಯುದ್ಧದ ಹೊತ್ತಿನಲ್ಲಿ ಎಷ್ಟು, ಆಪತ್ತಿನಲ್ಲಿ ಕನಿಷ್ಠ ಎಷ್ಟು ಅಂತ ಒಂದೊಂದು ಮೋಟಾರ್, ಒಂದೊಂದು ದೀಪದ ಲೆಕ್ಕ ಬರೆಯುತ್ತಾರೆ. ಹೊಸ ಎಂಜಿನಿಯರ್‌ಗೆ ಬೇಸರ ತರಿಸುವ ಕೆಲಸ ಇದು, ನಿಜ. ಆದರೆ ಜನರೇಟರ್ ಎಷ್ಟು ದೊಡ್ಡದಿರಬೇಕು, ಕೇಬಲ್ ಎಷ್ಟು ದಪ್ಪ ಇರಬೇಕು ಅನ್ನುವುದೆಲ್ಲ ಆ ಪಟ್ಟಿಯಿಂದಲೇ ತೀರ್ಮಾನವಾಗುತ್ತದೆ.

ಕಾಲೇಜಿನಲ್ಲಿ ಓದಿದ್ದಕ್ಕೆ ಉಲ್ಟಾ ಕಾಣುವ ಅರ್ಥಿಂಗ್

ಮನೆ ಕಟ್ಟುವಾಗ ಗುಂಡಿ ತೋಡಿ, ಉಪ್ಪು ಇದ್ದಿಲು ಹಾಕಿ ಅರ್ಥಿಂಗ್ ಮಾಡಿಸುತ್ತೇವೆ. ಟಿಸಿಯಲ್ಲಿ ನ್ಯೂಟ್ರಲ್ ತಂತಿಯನ್ನೂ ನೆಲಕ್ಕೆ ಜೋಡಿಸಿರುತ್ತಾರೆ. ಫೇಸ್ ತಂತಿ ಎಲ್ಲಾದರೂ ಅರ್ಥಿಂಗ್ ಮಾಡಿದ ಲೋಹಕ್ಕೆ ತಾಗಿದರೆ ಕರೆಂಟ್ ಒಮ್ಮೆಲೇ ಹರಿದು ಫ್ಯೂಸ್ ಹೋಗುತ್ತದೆ ಅಥವಾ ಬ್ರೇಕರ್ ಬೀಳುತ್ತದೆ. ಮನೆಯವರಿಗೆ ಇದು ಸುರಕ್ಷಿತ.

ಹಡಗಿನಲ್ಲಿ ಯಂತ್ರಗಳ ಹೊರಕವಚವನ್ನು ಹಡಗಿನ ಉಕ್ಕಿನ ಮೈಗೆ ಜೋಡಿಸುತ್ತಾರೆ, ಅಲ್ಲಿಯವರೆಗೆ ಸರಿ. ಆದರೆ ಕಡಿಮೆ ವೋಲ್ಟೇಜ್‌ನ ವ್ಯವಸ್ಥೆಯಲ್ಲಿ ನ್ಯೂಟ್ರಲ್ ಅನ್ನು ಸಾಮಾನ್ಯವಾಗಿ ಆ ಮೈಗೆ ಜೋಡಿಸುವುದೇ ಇಲ್ಲ. ತೇಲಲು ಬಿಡುತ್ತಾರೆ. ಯಾಕೆ? ಒಂದು ಫೇಸ್ ತಂತಿಯ ಹೊದಿಕೆ ಹರಿದು ಹಡಗಿನ ಮೈಗೆ ತಾಗಿತು ಅಂದುಕೊಳ್ಳಿ. ಕರೆಂಟ್ ವಾಪಸ್ ಹೋಗಲು ಪೂರ್ತಿ ದಾರಿ ಇಲ್ಲ. ಹಾಗಾಗಿ ಬ್ರೇಕರ್ ಬೀಳುವುದಿಲ್ಲ. ಚುಕ್ಕಾಣಿಯ ಮೋಟಾರ್ ಓಡುತ್ತಲೇ ಇರುತ್ತದೆ. ಸ್ವಿಚ್‌ಬೋರ್ಡ್‌ನಲ್ಲಿ ಎಚ್ಚರಿಕೆ ಮಾತ್ರ ಬರುತ್ತದೆ. ಕಿರಿದಾದ ಕಾಲುವೆ ದಾಟುವಾಗಲೋ ಶತ್ರು ಎದುರಿರುವಾಗಲೋ ಒಂದು ಸಣ್ಣ ದೋಷಕ್ಕೆ ಚುಕ್ಕಾಣಿ ನಿಲ್ಲಬಾರದು ಅನ್ನುವುದೇ ಇದರ ಹಿಂದಿನ ಯೋಚನೆ.

ಆದರೆ ಇದು ಸಾಲ ತಗೊಂಡ ಸಮಯ. ಎರಡನೇ ದೋಷ ಬೇರೆ ಫೇಸ್‌ನಲ್ಲಿ ಆದರೆ ಹಡಗಿನ ಮೈ ಮೂಲಕವೇ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ಅಷ್ಟರೊಳಗೆ ಮೊದಲನೆಯದನ್ನು ಹುಡುಕಿ ಸರಿಮಾಡಬೇಕು. ಹುಡುಕುವ ಹಳೆಯ ವಿಧಾನ ಒಂದೊಂದೇ ಲೈನ್ ಆಫ್ ಮಾಡಿ ಎಚ್ಚರಿಕೆ ಹೋಗುತ್ತದಾ ಅಂತ ನೋಡುವುದು. ಓಡುತ್ತಿರುವ ಹಡಗಿನಲ್ಲಿ "ರಾಡಾರ್ ಒಂದು ನಿಮಿಷ ಆಫ್ ಮಾಡಲಾ" ಅಂತ ಕೇಳಿದರೆ ಕ್ಯಾಪ್ಟನ್ ಮುಖ ಹೇಗಿರಬಹುದು, ಊಹಿಸಿಕೊಳ್ಳಿ. ಇನ್ನೊಂದು ಮಾತು. ನ್ಯೂಟ್ರಲ್ ತೇಲುತ್ತಿದೆ, ಮುಟ್ಟಿದರೆ ಏನೂ ಆಗಲ್ಲ ಅಂತ ಅಂದುಕೊಳ್ಳಬಾರದು. ಉದ್ದದ ಕೇಬಲ್‌ಗಳಿಗೂ ಹಡಗಿನ ಮೈಗೂ ನಡುವೆ ವಿದ್ಯುತ್ ಶೇಖರವಾಗುತ್ತದೆ. ಶಾಕ್ ಹೊಡೆಯುತ್ತದೆ, ಜೀವವೂ ಹೋಗಬಹುದು.

ಈ ಕಾರಣಕ್ಕೇ ಹಡಗಿನ ಎಲೆಕ್ಟ್ರಿಕಲ್‌ನವರ ಕೈಯಲ್ಲಿ ಯಾವಾಗಲೂ ಮೆಗ್ಗರ್ ಇರುತ್ತದೆ. ಕೇಬಲ್‌ನ ಹೊದಿಕೆ ಎಷ್ಟು ಗಟ್ಟಿ ಇದೆ ಅಂತ ಮೆಗಾಓಮ್‌ಗಳಲ್ಲಿ ತೋರಿಸುವ ಉಪಕರಣ ಅದು. ಉಪ್ಪುಗಾಳಿ, ತೇವ, ಅಲುಗಾಟ ಮೂರೂ ಸೇರಿ ಹೊದಿಕೆಯನ್ನು ದಿನಾ ತಿನ್ನುತ್ತಿರುತ್ತವೆ. ಒಣ ಬಿಸಿಲಿನ ನಮ್ಮ ನಾಡಿನ ವೈರಿಂಗ್‌ಗೆ ಈ ಕಾಟ ಇಲ್ಲ.

ಹಡಗಿನ ಅಯಸ್ಕಾಂತ ಅಳಿಸುವ ಸುರುಳಿ

ಉಕ್ಕಿನ ಹಡಗು ಕಟ್ಟುವಾಗಲೇ ಭೂಮಿಯ ಕಾಂತಕ್ಷೇತ್ರದಿಂದ ಅದಕ್ಕೆ ಅಯಸ್ಕಾಂತದ ಗುಣ ಅಂಟುತ್ತದೆ. ಮುಟ್ಟದೇ ಸಿಡಿಯುವ ಕಡಲ ಬಾಂಬುಗಳು ಈ ಗುಣವನ್ನು ಗ್ರಹಿಸುತ್ತವೆ. ಹಡಗು ಮೇಲೆ ಹಾದರೆ ಸಾಕು, ಸಿಡಿಯುತ್ತವೆ. ಎರಡನೇ ಮಹಾಯುದ್ಧದ ಶುರುವಿನಲ್ಲಿ ಜರ್ಮನಿ ಇಂಥ ಬಾಂಬುಗಳನ್ನು ಬ್ರಿಟನ್ ತೀರದಲ್ಲಿ ಬಿತ್ತಿತು. 1939ರ ನವೆಂಬರ್‌ನಲ್ಲಿ ಅಂಥದ್ದೊಂದು ಕೆಸರಿನಲ್ಲಿ ಸಿಕ್ಕಿತು. ಬಿಚ್ಚಿ ನೋಡಿದ ಮೇಲೆ ಉಪಾಯ ಹೊಳೆಯಿತು. ಹಡಗಿನ ಸುತ್ತ ಕೇಬಲ್ ಸುತ್ತಿ ಕರೆಂಟ್ ಹರಿಸಿದರೆ ಎದುರು ದಿಕ್ಕಿನ ಕಾಂತಕ್ಷೇತ್ರ ಹುಟ್ಟಿ ಹಡಗಿನದನ್ನು ಅಳಿಸುತ್ತದೆ. ಇದಕ್ಕೆ ಡೀಗಾಸಿಂಗ್ ಎಂದು ಹೆಸರು.

ಇವತ್ತಿಗೂ ಯುದ್ಧನೌಕೆಗಳಲ್ಲಿ ಈ ಸುರುಳಿಗಳಿರುತ್ತವೆ, ಮೂರು ದಿಕ್ಕುಗಳಿಗೆ ಬೇರೆ ಬೇರೆಯಾಗಿ. ಹಡಗು ದಿಕ್ಕು ಬದಲಿಸಿದರೆ, ಬೇರೆ ಅಕ್ಷಾಂಶಕ್ಕೆ ಹೋದರೆ ಕರೆಂಟಿನ ಪ್ರಮಾಣವೂ ಬದಲಾಗಬೇಕು. ಪಿಯುಸಿ ಭೌತಶಾಸ್ತ್ರದಲ್ಲಿ ಓದಿದ ಸೊಲೆನಾಯ್ಡ್ ಇಲ್ಲಿ ಇಡೀ ಹಡಗಿನಷ್ಟು ದೊಡ್ಡದಾಗಿ ಕೂತಿದೆ, ಅಷ್ಟೇ.

ಜಲಾಂತರ್ಗಾಮಿಗಳದ್ದು ಇನ್ನೊಂದು ಕಥೆ. ಮುಂಬೈನ ಮಜಗಾಂವ್ ಡಾಕ್‌ನಲ್ಲಿ ಕಟ್ಟಿದ, 2017ರಲ್ಲಿ ನೌಕಾಪಡೆ ಸೇರಿದ ಕಲ್ವರಿಯಲ್ಲಿ 360 ಬ್ಯಾಟರಿ ಸೆಲ್‌ಗಳಿವೆ. ಒಂದೊಂದು ಸೆಲ್ 750 ಕೆಜಿ. ಒಟ್ಟು 270 ಟನ್ ಬ್ಯಾಟರಿ. ನೀರಿನಡಿ ಡೀಸೆಲ್ ಎಂಜಿನ್‌ಗೆ ಗಾಳಿ ಸಿಗದ ಕಾರಣ ಮೋಟಾರ್ ತಿರುಗುವುದು ಈ ಬ್ಯಾಟರಿಯಿಂದ. ಅಲ್ಲಿ ಎಲೆಕ್ಟ್ರಿಕಲ್‌ನವರೇ ಹಡಗನ್ನು ಓಡಿಸುವವರು ಅಂದರೂ ತಪ್ಪಿಲ್ಲ.

ಕಟ್ಟುವವರು

ಇಷ್ಟನ್ನೆಲ್ಲ ಯಾರು ಮಾಡುತ್ತಾರೆ? ಒಬ್ಬರಲ್ಲ. ಒಂದೇ ಹಡಗು ಮೂರು ಬಗೆಯ ಎಂಜಿನಿಯರ್‌ಗಳ ಕೈ ದಾಟುತ್ತದೆ. ಮೊದಲನೆಯವರು ಶಿಪ್‌ಯಾರ್ಡ್‌ನವರು. ಮುಂಬೈನ ಮಜಗಾಂವ್ ಡಾಕ್, ಕೋಲ್ಕತ್ತಾದ ಗಾರ್ಡನ್ ರೀಚ್, ಗೋವಾ ಶಿಪ್‌ಯಾರ್ಡ್, ವಿಶಾಖಪಟ್ಟಣದ ಹಿಂದೂಸ್ತಾನ್ ಶಿಪ್‌ಯಾರ್ಡ್, ಕೊಚ್ಚಿ ಶಿಪ್‌ಯಾರ್ಡ್ ಇವು ಸರ್ಕಾರಿ ಒಡೆತನದ ದೊಡ್ಡ ಯಾರ್ಡುಗಳು. ಕೊಚ್ಚಿಯವರದೇ ಒಂದು ಸಣ್ಣ ಯಾರ್ಡ್ ನಮ್ಮ ಮಲ್ಪೆಯಲ್ಲಿದೆ.

ಈಗ ಹಡಗನ್ನು ತುಂಡು ತುಂಡಾಗಿ ಕಟ್ಟಿ ಆಮೇಲೆ ಜೋಡಿಸುತ್ತಾರೆ. ಆ ತುಂಡಿಗೆ ಬ್ಲಾಕ್ ಅನ್ನುತ್ತಾರೆ. ಬ್ಲಾಕ್ ಇನ್ನೂ ಶೆಡ್‌ನಲ್ಲಿ ಇರುವಾಗಲೇ ಕೇಬಲ್ ಟ್ರೇಗಳನ್ನು ವೆಲ್ಡ್ ಮಾಡಬೇಕು. ಹಡಗು ನೀರಿಗಿಳಿದ ಮೇಲೆ ಒಂದು ಟ್ರೇ ಮರೆತಿದ್ದು ನೆನಪಾದರೆ ಬಣ್ಣ ಕೆರೆದು, ಪಕ್ಕದ ಪೈಪ್ ಬಿಚ್ಚಿ, ಬೆಂಕಿ ಕೆಲಸಕ್ಕೆ ಅನುಮತಿ ಪಡೆದು ಮಾಡಬೇಕು. ಅರ್ಧ ದಿನದ ಕೆಲಸ ವಾರವಾಗುತ್ತದೆ.

ಆಮೇಲೆ ಕೇಬಲ್ ಎಳೆಯುವುದು. ವಿಕ್ರಾಂತ್‌ನಲ್ಲಿ ಎಳೆದ ಕೇಬಲ್ 2,000 ಕಿಲೋಮೀಟರ್‌ಗೂ ಜಾಸ್ತಿ. ಪ್ರತಿ ಕೇಬಲ್‌ಗೂ ನಂಬರ್ ಇದೆ, ಎಲ್ಲಿಂದ ಎಲ್ಲಿಗೆ ಅಂತ ಪಟ್ಟಿ ಇದೆ. ನೀರು ಒಂದು ಕೋಣೆಯಿಂದ ಇನ್ನೊಂದಕ್ಕೆ ನುಗ್ಗದಂತೆ ಹಡಗಿನೊಳಗೆ ಬಲ್ಕ್‌ಹೆಡ್ ಎಂಬ ಉಕ್ಕಿನ ಗೋಡೆಗಳಿರುತ್ತವೆ. ಕೇಬಲ್ ಅದನ್ನು ದಾಟುವ ಕಡೆ ರಬ್ಬರಿನಂಥ ಬ್ಲಾಕ್‌ಗಳನ್ನು ಬಿಗಿಯಾಗಿ ತುಂಬಿ ನೀರು, ಬೆಂಕಿ, ಹೊಗೆ ಮೂರನ್ನೂ ತಡೆಯಬೇಕು. ಒಂದು ತೂತು ಬಿಟ್ಟರೂ ಆ ಗೋಡೆ ಇದ್ದೂ ಇಲ್ಲದಂತೆ.

ಹೊರಗಿನವರಿಗೆ ಹಡಗು ನೀರಿಗಿಳಿದ ದಿನವೇ ಕೆಲಸ ಮುಗಿದಂತೆ ಕಾಣುತ್ತದೆ. ಎಲೆಕ್ಟ್ರಿಕಲ್‌ನವರಿಗೆ ನಿಜವಾದ ಓಟ ಅಲ್ಲಿಂದ ಶುರು. ವಿಕ್ರಾಂತ್‌ನ ತಳಪಾಯ ಬಿದ್ದದ್ದು 2009ರ ಫೆಬ್ರವರಿ. ನೀರಿಗಿಳಿದದ್ದು 2013ರ ಆಗಸ್ಟ್. ಮೊದಲ ಬಾರಿ ಸಮುದ್ರಕ್ಕೆ ಹೋದದ್ದು 2021ರ ಆಗಸ್ಟ್. ನಡುವಿನ ಆ 8 ವರ್ಷಗಳ ತಡವೆಲ್ಲ ವೈರಿಂಗ್‌ನದ್ದಲ್ಲ, ಆದರೆ ಹಡಗಿನ ಖಾಲಿ ಕೋಣೆಗಳು ಜೀವ ಪಡೆಯುವುದು ಈ ಅವಧಿಯಲ್ಲೇ.

ನೋಡಿ ಸಹಿ ಹಾಕುವವರು

ಎರಡನೆಯವರು ನೌಕಾಪಡೆಯ ಮೇಲ್ವಿಚಾರಣಾ ತಂಡ. ಹಡಗು ಕಟ್ಟುವ ಯಾರ್ಡ್‌ನಲ್ಲಿ ನೌಕಾಪಡೆಯ ಅಧಿಕಾರಿಗಳ ತಂಡ ಠಿಕಾಣಿ ಹೂಡಿರುತ್ತದೆ. ಯಾರ್ಡ್‌ನವರು ಮಾಡಿದ ಕೆಲಸವನ್ನು ಗಿರಾಕಿಯ ಕಣ್ಣಿನಿಂದ ನೋಡುವುದು ಇವರ ಕೆಲಸ.

ಪರೀಕ್ಷೆಗಳಿಗೆ ಕ್ರಮ ಇದೆ. ಜನರೇಟರ್, ಸ್ವಿಚ್‌ಬೋರ್ಡ್‌ಗಳನ್ನು ತಯಾರಿಸಿದ ಕಾರ್ಖಾನೆಯಲ್ಲೇ ಮೊದಲು ಪರೀಕ್ಷಿಸುತ್ತಾರೆ. ಹಡಗಿನಲ್ಲಿ ಕೂರಿಸಿದ ಮೇಲೆ ಕೇಬಲ್‌ಗಳ ಮೆಗ್ಗರ್ ಪರೀಕ್ಷೆ, ಮೊದಲ ಬಾರಿ ಕರೆಂಟ್ ಕೊಡುವುದು, ಜನರೇಟರ್‌ಗೆ ಕೃತಕ ಭಾರ ಹಾಕಿ ಗಂಟೆಗಟ್ಟಲೆ ಓಡಿಸುವುದು. ಬಂದರಿನ ಪರೀಕ್ಷೆ ಆಮೇಲೆ, ಸಮುದ್ರದ ಪರೀಕ್ಷೆ ಕೊನೆಗೆ. ಒಂದು ಜನರೇಟರನ್ನು ಬೇಕಂತಲೇ ನಿಲ್ಲಿಸಿ, ಉಳಿದವು ಭಾರ ಹೊತ್ತವಾ, ಬದಲಿ ಸಪ್ಲೈ ಬಂತಾ ಅಂತ ನೋಡುತ್ತಾರೆ. ಕಾಗದದ ಮೇಲೆ ಬರೆದ ಲೋಡ್ ಶೆಡ್ಡಿಂಗ್ ಪಟ್ಟಿಗೆ ಇಲ್ಲಿ ನಿಜವಾದ ಪರೀಕ್ಷೆ. ವಿಕ್ರಾಂತ್ ಇದನ್ನೆಲ್ಲ ದಾಟಿ 2022ರ ಸೆಪ್ಟೆಂಬರ್ 2ರಂದು ನೌಕಾಪಡೆ ಸೇರಿತು.

ಈ ಕುರ್ಚಿ ಅಷ್ಟು ಸುಲಭದ್ದಲ್ಲ. ಯಾರ್ಡ್‌ಗೆ ದಿನಾಂಕದ ಒತ್ತಡ. ಇವರಿಗೆ ಗುಣಮಟ್ಟದ ಹಟ. ಕೇಬಲ್ ಒಳಹೋಗುವ ಬಾಯಿಯನ್ನು ಬಿಗಿಯುವ ಒಂದು ಗ್ಲ್ಯಾಂಡ್ ಸಡಿಲ ಇದೆ ಅಂತ ಸಹಿ ಹಾಕದಿದ್ದರೆ ಇಡೀ ಒಂದು ಪರೀಕ್ಷೆ ಮುಂದಕ್ಕೆ ಹೋಗಬಹುದು. ತಾಂತ್ರಿಕ ಜ್ಞಾನದಷ್ಟೇ ಮಾತಿನ ಹದವೂ ಇಲ್ಲಿ ಬೇಕು.

ನಡೆಸುವವರು

ಮೂರನೆಯವರು ಹಡಗಿನ ಮೇಲೆಯೇ ಬದುಕುವವರು. ಹಡಗಿನ ಎಲೆಕ್ಟ್ರಿಕಲ್ ಮುಖ್ಯಸ್ಥರನ್ನು ಎಲ್‌ಓ ಅಂತ ಕರೆಯುತ್ತಾರೆ. ಜನರೇಟರ್‌ನಿಂದ ಹಿಡಿದು ರಾಡಾರ್, ನೀರಿನಡಿ ಇರುವುದನ್ನು ಶಬ್ದದಿಂದ ಪತ್ತೆ ಹಚ್ಚುವ ಸೋನಾರ್, ಕ್ಷಿಪಣಿಗಳ ಎಲೆಕ್ಟ್ರಾನಿಕ್ಸ್‌ವರೆಗೆ ಚಾಲೂ ಸ್ಥಿತಿಯಲ್ಲಿ ಇಡುವ ಜವಾಬ್ದಾರಿ ಇವರ ವಿಭಾಗದ್ದು. ಬೆಂಗಳೂರಿನ ಬಿಇಎಲ್ ಮಾಡಿದ ಉಪಕರಣಗಳೂ ಇಲ್ಲಿ ಸಿಗುತ್ತವೆ.

ದಿನವನ್ನು ಪಾಳಿಗಳಾಗಿ ಹಂಚುತ್ತಾರೆ. ಒಂದು ಪಾಳಿ 4 ಗಂಟೆ. ಸಂಜೆ 4ರಿಂದ 8ರವರೆಗಿನದನ್ನು ಮಾತ್ರ ಎರಡೆರಡು ಗಂಟೆಯ ಎರಡು ತುಂಡು ಮಾಡುತ್ತಾರೆ. ಹಾಗಾಗಿ ದಿನಕ್ಕೆ 7 ಪಾಳಿ. ನಡುರಾತ್ರಿಯ ಪಾಳಿ ದಿನಾ ಒಬ್ಬರ ತಲೆಗೇ ಕಟ್ಟಿಕೊಳ್ಳಬಾರದು ಅಂತ ಈ ಹಳೆಯ ಉಪಾಯ.

ಹಡಗು ಬಂದರಿಗೆ ಬಂದರೆ ದಡದಿಂದ ಕೇಬಲ್ ಎಳೆದು ಕರೆಂಟ್ ತೆಗೆದುಕೊಳ್ಳುತ್ತಾರೆ, ಜನರೇಟರ್‌ಗೆ ವಿಶ್ರಾಂತಿ. ಫೇಸ್‌ಗಳ ಸರದಿ ತಪ್ಪಾಗಿ ಜೋಡಿಸಿದರೆ ಹಡಗಿನ ಮೋಟಾರ್‌ಗಳೆಲ್ಲ ಉಲ್ಟಾ ತಿರುಗುತ್ತವೆ. ಬೋರ್‌ವೆಲ್ ಮೋಟಾರ್ ರಿಪೇರಿ ಆದ ಮೇಲೆ ಉಲ್ಟಾ ತಿರುಗಿದ್ದನ್ನು ನೋಡಿದ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ ಬಿಡಿ.

ಕೆಲವು ವರ್ಷಕ್ಕೊಮ್ಮೆ ಹಡಗು ದೊಡ್ಡ ದುರಸ್ತಿಗೆ ಹೋಗುತ್ತದೆ. ಅದಕ್ಕೆ ರಿಫಿಟ್ ಅನ್ನುತ್ತಾರೆ. ನಮ್ಮ ರಾಜ್ಯದ ಕಾರವಾರದ ನೌಕಾನೆಲೆ, ಐಎನ್‌ಎಸ್ ಕದಂಬ, 2005ರಲ್ಲಿ ಶುರುವಾಯಿತು. 10,000 ಟನ್‌ವರೆಗಿನ ಹಡಗನ್ನು ನೀರಿನಿಂದ ಮೇಲೆತ್ತಿ ಒಣ ನೆಲಕ್ಕೆ ತರುವ ಲಿಫ್ಟ್ ಅಲ್ಲಿದೆ.

ನಮ್ಮ ಕಡೆಯಿಂದ ದಾರಿ

ಬಿಇ ಮುಗಿಸಿದವರಿಗೆ ಎರಡು ಮುಖ್ಯ ದಾರಿ. ಯಾರ್ಡುಗಳು ಪ್ರಕಟಣೆ ಹೊರಡಿಸಿ ಎಂಜಿನಿಯರುಗಳನ್ನು ತೆಗೆದುಕೊಳ್ಳುತ್ತವೆ. ಇನ್ನೊಂದು, ನೌಕಾಪಡೆಯ ಎಲೆಕ್ಟ್ರಿಕಲ್ ಶಾಖೆಗೆ ಶಾರ್ಟ್ ಸರ್ವಿಸ್ ಅಧಿಕಾರಿಯಾಗಿ, ಅಂದರೆ ಸೀಮಿತ ವರ್ಷಗಳ ಸೇವೆಗೆ, ಸೇರುವುದು. ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್‌ನಂಥ ವಿಷಯಗಳಲ್ಲಿ ಸಾಮಾನ್ಯವಾಗಿ ಕನಿಷ್ಠ ಶೇ 60 ಅಂಕ ಕೇಳುತ್ತಾರೆ. ಕಲಬುರಗಿಯಲ್ಲಿ 1958ರಿಂದ ಇರುವ ಪಿಡಿಎ ಕಾಲೇಜು ಇರಲಿ, ಬೀದರ್‌ನ ಗುರುನಾನಕ್ ದೇವ್ ಕಾಲೇಜು ಇರಲಿ, ಪದವಿ ಎಲ್ಲಿಯದು ಅನ್ನುವುದಕ್ಕಿಂತ ಮುಂದಿನ ಹಂತ ದೊಡ್ಡದು. ಅದು ಎಸ್‌ಎಸ್‌ಬಿ ಎಂಬ 5 ದಿನಗಳ ಸಂದರ್ಶನ. ಬೆಂಗಳೂರಿನಲ್ಲೂ ಕೇಂದ್ರ ಇದೆ. ಅಲ್ಲಿ ನಡೆಯುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಈ ಕಡೆಯವರ ಕಿವಿಗೆ ಹಿಂದಿ, ಉರ್ದು ಹೊಸದಲ್ಲ, ಅದೊಂದು ಅನುಕೂಲ.

ಆಯ್ಕೆಯಾದರೆ ಮೊದಲ ತರಬೇತಿ ಕೇರಳದ ಎಳಿಮಲದ ನೌಕಾ ಅಕಾಡೆಮಿಯಲ್ಲಿ. ಆಮೇಲೆ ಎಲೆಕ್ಟ್ರಿಕಲ್ ತರಬೇತಿ ಗುಜರಾತಿನ ಜಾಮ್‌ನಗರದಲ್ಲಿ, 1942ರಿಂದ ಇರುವ ಐಎನ್‌ಎಸ್ ವಲ್ಸೂರಾದಲ್ಲಿ. ಡಿಪ್ಲೊಮಾ, ಐಟಿಐ ಮಾಡಿದವರಿಗೂ ಬಾಗಿಲು ಇದೆ. ನೌಕಾ ಡಾಕ್‌ಯಾರ್ಡುಗಳು ಅಪ್ರೆಂಟಿಸ್, ಟ್ರೇಡ್ಸ್‌ಮನ್, ಚಾರ್ಜ್‌ಮನ್ ಹುದ್ದೆಗಳನ್ನು ತುಂಬುತ್ತವೆ.

ಒಂದು ವಿಷಯ ಮೊದಲೇ ಗೊತ್ತಿರಲಿ. ಕಲ್ಯಾಣ ಕರ್ನಾಟಕದವರಿಗೆ ಸಿಗುವ 371ಜೆ ಮೀಸಲಾತಿ ರಾಜ್ಯ ಸರ್ಕಾರದ ಹುದ್ದೆಗಳಿಗೆ ಮತ್ತು ಕಾಲೇಜು ಸೀಟುಗಳಿಗೆ. ನೌಕಾಪಡೆ, ಕೇಂದ್ರದ ಶಿಪ್‌ಯಾರ್ಡುಗಳಲ್ಲಿ ಆ ಪ್ರಮಾಣಪತ್ರ ನಡೆಯುವುದಿಲ್ಲ. ಅಲ್ಲಿ ಕೇಂದ್ರದ ನಿಯಮಗಳೇ ಅನ್ವಯ.

ಹೆಣ್ಣುಮಕ್ಕಳಿಗೆ ಆಗುತ್ತಾ? ಆಗುತ್ತದೆ. ಮಹಿಳಾ ಅಧಿಕಾರಿಗಳು ಯುದ್ಧನೌಕೆಗಳ ಮೇಲೆ ಕೆಲಸ ಮಾಡುತ್ತಿದ್ದಾರೆ. ನೌಕಾಪಡೆಯಲ್ಲಿ ಅವರಿಗೂ ಕಾಯಂ ಸೇವೆಯ ಹಕ್ಕಿದೆ ಅಂತ 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ.

ಈಜು ಬರುವುದಿಲ್ಲ ಅಂತ ಅರ್ಜಿ ಹಾಕದೇ ಇರುವವರೂ ಇದ್ದಾರೆ. ಅದನ್ನು ಅಕಾಡೆಮಿಯಲ್ಲೇ ಕಲಿಸುತ್ತಾರೆ. ಮೊದಲೇ ಪರೀಕ್ಷಿಸಿಕೊಳ್ಳಬೇಕಾದ್ದು ಕಣ್ಣನ್ನು, ಅದರಲ್ಲೂ ಬಣ್ಣ ಗುರುತಿಸುವ ಶಕ್ತಿಯನ್ನು. ಅದರಲ್ಲಿ ತೊಂದರೆ ಇದ್ದರೆ ವೈದ್ಯಕೀಯ ಪರೀಕ್ಷೆ ದಾಟುವುದು ಕಷ್ಟ. ಅರ್ಜಿ ಹಾಕುವ ಮುಂಚೆಯೇ ಊರಿನ ಕಣ್ಣಿನ ಡಾಕ್ಟರ ಹತ್ತಿರ ಒಮ್ಮೆ ತೋರಿಸಿಕೊಂಡು ಬರುವುದು ಒಳ್ಳೆಯದು.